ಗೇರ್‌ಬಾಕ್ಸ್: ಬಿಚ್ಚಿ ಕಟ್ಟಿಸಬೇಕೋ, ಬೇರೆ ಕೂಡಿಸಬೇಕೋ

"ಗೇರ್ ಬೀಳವಲ್ದು" ಎಂದು ಗಾಡಿ ಬಿಟ್ಟು ಬಂದರೆ ಸಂಜೆಯೊಳಗೆ ಗ್ಯಾರೇಜಿನಿಂದ ಬರುವ ಮಾತು ಸಾಮಾನ್ಯವಾಗಿ ಎರಡರಲ್ಲಿ ಒಂದು: "ಡಬ್ಬಾ ಹೋಗ್ಯದ, ಹೈದರಾಬಾದಿಂದ ಬೇರೆ ತರಿಸೋಣ" ಅಥವಾ "ಬಿಚ್ಚಿ ನೋಡಬೇಕ್ರಿ, ಆಮ್ಯಾಲ ಹೇಳ್ತೀನಿ." ಎರಡನೆಯವನ ಮಾತೇ ನೆಟ್ಟಗಿದೆ. ಬಿಚ್ಚದೆ ಯಾರೂ ಡಬ್ಬಾದ, ಅಂದರೆ ಗೇರ್‌ಬಾಕ್ಸಿನ, ಹಣೆಬರಹ ಹೇಳಲಾರರು. ಆದರೆ ಬಿಚ್ಚಿಸುವ ಮುನ್ನ ನೀವೇ ನೋಡಿಕೊಳ್ಳಬೇಕಾದದ್ದು ಬಹಳ ಇದೆ, ಯಾಕೆಂದರೆ "ಗೇರ್‌ಬಾಕ್ಸ್ ಹೋಯಿತು" ಎಂದು ಬರುವ ಎಷ್ಟೋ ಗಾಡಿಗಳಲ್ಲಿ ತಪ್ಪು ಗೇರ್‌ಬಾಕ್ಸಿನ ಒಳಗೆ ಇರುವುದೇ ಇಲ್ಲ.

ಮೊದಲು ಎಂಜಿನ್ ಆಫ್ ಮಾಡಿ ಎಲ್ಲ ಗೇರ್‌ಗಳನ್ನೂ ಹಾಕಿ ನೋಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಎಲ್ಲ ಗೇರ್‌ಗಳೂ ಗಡುಸಾದರೆ ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಪೂರ್ತಿ ಬಿಡಿಸುತ್ತಿಲ್ಲ. ಅದನ್ನು ಖಚಿತ ಮಾಡಿಕೊಳ್ಳಲು ಕ್ಲಚ್ ಪೆಡಲ್ ತಳದವರೆಗೆ ಒತ್ತಿ, ಐದು ಸೆಕೆಂಡ್ ಕಾದು, ನಿಂತ ಗಾಡಿಯನ್ನು ರಿವರ್ಸ್‌ಗೆ ಹಾಕಿ. ಆಗಲೂ ಕರಕರ ಅಂದರೆ ಕ್ಲಚ್ ಕೇಬಲ್, ಹೈಡ್ರಾಲಿಕ್ ಇದ್ದರೆ ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ದ್ರವದ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಜೋಡಿ), ಆಮೇಲೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಈ ಸಾಲಿನಲ್ಲಿ ಹುಡುಕಬೇಕು. ಎಂಜಿನ್ ಆಫ್ ಇದ್ದಾಗಲೂ ಗಡುಸೇ ಎಂದಾದರೆ ಗೇರ್ ಕೇಬಲ್, ಲಿಂಕೇಜಿನ (ಗೇರ್ ಲಿವರನ್ನು ಡಬ್ಬಾಕ್ಕೆ ಜೋಡಿಸುವ ಸಲಾಕೆಗಳ) ಬುಷ್ ಅಥವಾ ಒಳಗೆ ಗೇರನ್ನು ಸರಿಸುವ ಫೋರ್ಕ್ ನೋಡಿಸಿ. ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್ ಒಡೆದು ಒಂದೂ ಗೇರ್ ಬೀಳದೆ ನಿಂತ ಗಾಡಿಗೆ ಡಬ್ಬಾ ಬದಲಿಸಿದರೆ ಅದು ಮೋಸವೋ ಅಜ್ಞಾನವೋ, ಹಣ ಹೋಗುವುದು ಮಾತ್ರ ನಿಮ್ಮದೇ.

ಸದ್ದಿಗೂ ಅದರದೇ ಗುರುತುಗಳಿವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುವಾಗ ಗುಂಯ್ ಎನ್ನುವ ಸದ್ದು ಕ್ಲಚ್ ಪೆಡಲ್ ಒತ್ತಿದೊಡನೆ ನಿಂತರೆ ಅದು ಇನ್‌ಪುಟ್ ಶಾಫ್ಟಿನ (ಎಂಜಿನ್ನಿನ ಬಲ ಡಬ್ಬಾದೊಳಗೆ ತರುವ ದಂಡದ) ಬೇರಿಂಗ್. ಪೆಡಲ್ ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್, ಅಂದರೆ ಕ್ಲಚ್ ಕೆಲಸ. ಎರಡನೇ ಗೇರಿಗೆ ಇಳಿಸುವಾಗ ಮಾತ್ರ ಕರಕರ ಅಂದು, ಡಬಲ್ ಕ್ಲಚ್ ಮಾಡಿದರೆ (ನಡುವೆ ನ್ಯೂಟ್ರಲ್‌ಗೆ ತಂದು, ಪೆಡಲ್ ಬಿಟ್ಟು ಮತ್ತೆ ಒತ್ತಿದರೆ) ಸದ್ದಿಲ್ಲದೆ ಬಿದ್ದರೆ ಆ ಗೇರಿನ ಸಿಂಕ್ರೋ ರಿಂಗ್, ಅಂದರೆ ಗೇರ್ ಕಚ್ಚುವ ಮುನ್ನ ವೇಗ ಸರಿಹೊಂದಿಸುವ ಬಳೆ, ಸವೆದಿದೆ. ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬಂದರೆ ಮೊದಲು ಎಂಜಿನ್ ಮೌಂಟ್ ನೋಡಿಸಿ. ಮೌಂಟ್ ಹರಿದು ಎಂಜಿನ್ ವಾಲಿದರೂ ಗೇರ್ ಜಿಗಿಯುತ್ತದೆ. ಮೌಂಟ್ ಸರಿಯಿದ್ದರೆ ಗೇರ್ ಕಚ್ಚುವ ಹಲ್ಲು, ಅದನ್ನು ಹಿಡಿಯುವ ಸ್ಲೀವ್, ಫೋರ್ಕ್ ಈ ಮೂರರಲ್ಲಿ ಒಂದು ಸವೆದಿರುತ್ತದೆ. ಜೀಪಿನಂತೆ ಹಿಂಬದಿ ಗಾಲಿಗೆ ಬಲ ಹೋಗುವ ಗಾಡಿಗಳಲ್ಲಿ ಗೇರ್ ಹಾಕಿದಾಗ ಠಕ್ ಅನ್ನುವುದು, ಆ ಬಲ ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಇರಬಹುದು. ಗಾಡಿ ಕೆಳಗೆ ಹೋಗಿ ಶಾಫ್ಟನ್ನು ಕೈಯಿಂದ ತಿರುವಿದರೆ ಸಡಿಲು ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಆಯಿಲ್ ಇಳಿಸಿ. ಕೆಳಗಿಟ್ಟ ಬಾಂಡ್ಲಿಗೆ ಬೀಳುವ ಆಯಿಲ್ ಯಾವ ಮಿಸ್ತ್ರಿಯ ಮಾತಿಗಿಂತ ಹೆಚ್ಚು ಹೇಳುತ್ತದೆ. ಹತ್ತು ನಿಮಿಷ ಗಾಡಿ ಓಡಿಸಿ ಬಿಸಿ ಮಾಡಿ, ಸಪಾಟು ಜಾಗದಲ್ಲಿ ನಿಲ್ಲಿಸಿ. ಮೊದಲು ಬಿಚ್ಚಬೇಕಾದದ್ದು ಆಯಿಲ್ ತುಂಬುವ ಮೇಲಿನ ಫಿಲ್ಲರ್ ಪ್ಲಗ್. ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಆಯಿಲೆಲ್ಲ ಇಳಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಆಯಿಲನ್ನು ಬಿಳಿ ತಟ್ಟೆಗೆ ಸ್ವಲ್ಪ ಹಿಡಿದು ಬಿಸಿಲಿಗೆ ಒಡ್ಡಿ ನೋಡಿ. ಡ್ರೈನ್ ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ದರೆ ಅದರ ಮೇಲೆ ಬೂದುಬಣ್ಣದ ನುಣುಪು ಲೇಪ ಇರುವುದು ಸಹಜ. ಬೆರಳಿಗೆ ಕಾಡಿಗೆಯಂತೆ ಅಂಟಿ, ಉಜ್ಜಿದರೆ ಕಣ ಸಿಗದಿದ್ದರೆ ಹೆದರಬೇಡಿ. ಹೊನ್ನಿನ ಪುಡಿಯಂತೆ ಹಳದಿ ಮಿಂಚು ಕಂಡರೆ ಅದು ಸಿಂಕ್ರೋ ರಿಂಗಿನ ಹಿತ್ತಾಳೆ. ಮ್ಯಾಗ್ನೆಟ್ಟಿಗೆ ಅದು ಅಂಟುವುದಿಲ್ಲ, ತಟ್ಟೆಯ ಆಯಿಲಿನಲ್ಲೇ ಉಳಿಯುತ್ತದೆ. ಸೂಜಿಯಂಥ ಚೂರು, ಚಕ್ಕೆ ಬಂದರೆ ಬೇರಿಂಗ್ ಅಥವಾ ಹಲ್ಲು ಬಿಡುತ್ತಿದೆ, ಆ ಗಾಡಿಯನ್ನು ಓಡಿಸಬಾರದು. ಹಲ್ಲಿನ ಮೂಲೆಯೇ ಮುರಿದು ಬಂದಿದ್ದರೆ ಅದನ್ನು ಒರೆಸಿ ಕಾಗದದಲ್ಲಿ ಕಟ್ಟಿಡಿ. ಬಿಚ್ಚಿದಾಗ ಎಲ್ಲಿಯದು ಎಂದು ಹೊಂದಿಸಿ ನೋಡಲು ಬೇಕು.

ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಗಾಳಿಯಾಡುವ ಸಣ್ಣ ನಳಿಕೆ ಇರುತ್ತದೆ, ಬ್ರೀದರ್. ಭೀಮಾ ನದಿ ಉಕ್ಕಿದಾಗ, ಮಳೆಗಾಲದ ಹಳ್ಳ ದಾಟುವಾಗ ಬಿಸಿಯಾಗಿದ್ದ ಡಬ್ಬಾ ಥಟ್ಟನೆ ತಣ್ಣಗಾಗಿ ಅಲ್ಲಿಂದಲೇ ನೀರು ಎಳೆದುಕೊಳ್ಳುತ್ತದೆ. ವಾರದೊಳಗೆ ಕಂಡುಹಿಡಿದರೆ ಬಿಚ್ಚುವ ಅಗತ್ಯ ಬೀಳದೇ ಇರಬಹುದು: ಆಯಿಲ್ ಇಳಿಸಿ ಹೊಸದು ಹಾಕಿ, ಇಪ್ಪತ್ತು-ಮೂವತ್ತು ಕಿ.ಮೀ. ನಿಧಾನ ಓಡಿಸಿ ಮತ್ತೆ ಇಳಿಸಿ, ಬಣ್ಣ ತಿಳಿಯಾಗುವ ತನಕ ಹಾಗೇ ಮಾಡಿ. ನೀರು ಹೊಕ್ಕ ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಬೇರಿಂಗಿಗೆ ತುಕ್ಕು ಹಿಡಿದಿರುತ್ತದೆ, ಬಿಚ್ಚಲೇಬೇಕು. ನಮ್ಮ ಎರೆ ಮಣ್ಣಿನದು ಇನ್ನೊಂದು ಕಾಟ. ತೊಗರಿ ರಾಶಿಗೆ ಹೊಲದ ದಾರಿ ಹಿಡಿದ ಗಾಡಿಯ ಬ್ರೀದರ್ ಕೆಸರು ಒಣಗಿ ಮುಚ್ಚಿಕೊಳ್ಳುತ್ತದೆ. ಒಳಗಿನ ಒತ್ತಡ ಹೊರಹೋಗಲು ದಾರಿಯಿಲ್ಲದೆ ಆಯಿಲ್ ಸೀಲನ್ನು ದಾಟಿ ಸೋರುತ್ತದೆ. ಎಕ್ಸೆಲ್ ಸೀಲ್ (ಗಾಲಿಗೆ ಹೋಗುವ ದಂಡ ಡಬ್ಬಾದಿಂದ ಹೊರಬರುವಲ್ಲಿಯದು) ಎರಡನೇ ಸಲ ಸೋರಿದರೆ ಮೂರನೇ ಸೀಲ್ ಹಾಕುವ ಮುನ್ನ ಬ್ರೀದರ್ ತೊಳೆಸಿ.

ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚಿಕ್ಕ ಕಾರುಗಳ ಮ್ಯಾನ್ಯುಯಲ್ ಡಬ್ಬಾ ಹಿಡಿಯುವುದೇ ಸುಮಾರು 2 ಲೀಟರ್. ಅರ್ಧ ಲೀಟರ್ ಹೋದರೆ ನಾಲ್ಕನೇ ಒಂದು ಪಾಲು ಹೋದಂತೆ. ಎಂಜಿನ್ ಜೊತೆ ಗಾಡಿಗೆ ಅಡ್ಡಲಾಗಿ ಕೂರುವ ಅನೇಕ ಡಬ್ಬಾಗಳಲ್ಲಿ ಐದನೇ ಗೇರ್ ತುದಿಯಲ್ಲಿ, ಬೇರೆ ಕವರಿನೊಳಗೆ ಇರುತ್ತದೆ. ಆಯಿಲ್ ಇಳಿದಾಗ ಮೊದಲು ಒಣಗುವುದು ಅದೇ. ಬೇಸಿಗೆಯ 43 ಡಿಗ್ರಿಯಲ್ಲಿ ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದು ಎರಡು ತಾಸು ಐದನೇ ಗೇರಿನಲ್ಲೇ ಓಡಿಸಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಇದರಲ್ಲೂ ಒಂದು ಸಮಾಧಾನವಿದೆ: ಹೀಗೆ ಐದನೇ ಗೇರ್ ಒಂದೇ ಹೋಗಿದ್ದರೆ ಅನೇಕ ಮಾಡೆಲ್‌ಗಳಲ್ಲಿ ಡಬ್ಬಾ ಇಳಿಸದೆಯೇ ಬದಿಯ ಕವರ್ ತೆಗೆದು ಜೋಡಿ ಬದಲಿಸಬಹುದು. ಇದನ್ನು ಕೇಳದೆ ಪೂರ್ತಿ ಕೆಲಸಕ್ಕೆ ಒಪ್ಪಬೇಡಿ.

ಈಗ ಬಿಚ್ಚುವ ಮಾತು. ಡಬ್ಬಾ ಇಳಿಸಿ ತಿರುಗಿ ಏರಿಸುವ ಕೂಲಿ ರಿಪೇರಿಗೂ ಬದಲಿಗೂ ಒಂದೇ. ಆದ್ದರಿಂದ ಹೋಲಿಸುವಾಗ ಆ ಕೂಲಿಯನ್ನು ಎರಡೂ ಕಡೆಯಿಂದ ತೆಗೆದುಬಿಡಿ. ಲೆಕ್ಕ ತೋರಿಸಲಿಕ್ಕಷ್ಟೇ ಕೆಲವು ಅಂಕಿ ಇಡೋಣ, ನಿಮ್ಮ ಗಾಡಿಗೆ ಇವು ಬೇರೆಯೇ ಇರುತ್ತವೆ. ಎರಡು ಸಿಂಕ್ರೋ ರಿಂಗ್, ಮೂರು ಬೇರಿಂಗ್, ಸೀಲ್, ಆಯಿಲ್ ಸೇರಿ 9,000, ಬಿಚ್ಚಿ ಕಟ್ಟುವ ಕೂಲಿ 5,000, ಒಟ್ಟು 14,000. ಬದಲಿಗೆ ಗುಜರಿಯಿಂದ ತರುವ ಹಳೆಯ ಡಬ್ಬಾಕ್ಕೆ 18,000, ಸಾಗಣೆ 1,500, ಹೊಸ ಸೀಲ್ ಮತ್ತು ಆಯಿಲ್ 2,500, ಒಟ್ಟು 22,000. ಇಲ್ಲಿ ರಿಪೇರಿಯೇ ಸರಿ. ಬಿಚ್ಚಿದ ಮೇಲೆ ಮೂರನೇ ಗೇರಿನ ಜೋಡಿ ಮತ್ತು ಶಾಫ್ಟೂ ಹೋಗಿದೆ, ಇನ್ನು 12,000 ಬೇಕು ಎಂದಾದರೆ 26,000 ಆಯಿತು, ಆಗ ತಕ್ಕಡಿ ಬದಲಿಸುವ ಕಡೆ ವಾಲುತ್ತದೆ. ಎರಡೂ ಸರಿಸುಮಾರು ಒಂದೇ ಬಂದರೆ ರಿಪೇರಿ ಮಾಡಿಸಿ. ನಿಮ್ಮ ಡಬ್ಬಾದ ಒಳಗೆ ಏನಿದೆ ಎಂದು ನೀವು ಕಣ್ಣಾರೆ ನೋಡಿರುತ್ತೀರಿ, ಗುಜರಿಯಿಂದ ಬಂದದ್ದರ ಒಳಗೆ ಏನಿದೆಯೋ ಯಾರು ಕಂಡರು?

ಬಿಚ್ಚಿಟ್ಟ ಮೇಜಿನ ಬಳಿ ನಿಂತು ನೋಡಬೇಕಾದದ್ದು ಇಷ್ಟು. ಸಿಂಕ್ರೋ ರಿಂಗನ್ನು ಅದರ ಗೇರಿನ ಕೋನ್ (ಇಳಿಜಾರು ಕೊರಳು) ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯಲು ಹೇಳಿ. ರಿಂಗಿಗೂ ಗೇರಿನ ಸಣ್ಣ ಹಲ್ಲುಗಳಿಗೂ ನಡುವಿನ ಸಂದಿಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಎಲೆ) ಹಾಕಬೇಕು. ಹೊಸ ರಿಂಗಿನಲ್ಲಿ ಅದು ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು ಇರುತ್ತದೆ, 0.5 ಮಿ.ಮೀ. ಎಲೆ ಹೋಗದಿದ್ದರೆ ರಿಂಗ್ ಮುಗಿಯಿತು ಎಂದೇ ಅನೇಕ ಕಂಪನಿಗಳ ಲೆಕ್ಕ. ಆ ಸಣ್ಣ ಹಲ್ಲುಗಳ ತುದಿ ಚೂಪಾಗಿರಬೇಕು. ನದಿಯ ಕಲ್ಲಿನಂತೆ ಗುಂಡಾಗಿದ್ದರೆ ಹೊಸ ರಿಂಗ್ ಹಾಕಿದರೂ ಆರು ತಿಂಗಳಲ್ಲಿ ಮತ್ತೆ ಕರಕರ. ಆಗ ಗೇರೂ ಸ್ಲೀವೂ ಸೇರಿ ಬದಲಾಗಬೇಕು. ದೊಡ್ಡ ಹಲ್ಲು ಮುರಿದಿದ್ದರೆ ಜೊತೆಗಿನ ಗೇರನ್ನೂ ಬದಲಿಸಬೇಕು, ಎರಡೂ ಬದಿಯ ಗಾಲಿಗೆ ಬಲ ಹಂಚುವ ಡಿಫರೆನ್ಶಿಯಲ್ಲಿನದೂ ಜೋಡಿಯಾಗಿಯೇ. ಹಳೆಯದರ ಜೊತೆ ಹೊಸದು ಕೂತರೆ ಸದ್ದು ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಹೌಸಿಂಗ್, ಅಂದರೆ ಡಬ್ಬಾದ ಹೊರಕವಚ. ಬೇರಿಂಗ್ ಕೂರುವ ಗುಂಡಿಯಲ್ಲಿ ಹೊಸ ಬೇರಿಂಗ್ ಕೈಯಿಂದಲೇ ಸಡಿಲವಾಗಿ ತಿರುಗಿದರೆ ಆ ಡಬ್ಬಾ ಕೈಬಿಡಿ. ಅಂಟು ಹಾಕಿ, ಪಂಚ್ ಹೊಡೆದು ಕೂರಿಸುವವರಿದ್ದಾರೆ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುತ್ತದೆ, ಅಂಟು ನಿಲ್ಲುವುದೆಂಬ ಭರವಸೆಯಿಲ್ಲ. ಶಹಾಬಾದ್, ಸೇಡಂ ಕಡೆಯ ಗಣಿ ದಾರಿಯಲ್ಲಿ ಫರಸಿ ಕಲ್ಲಿನ ಚೂರು ಬಡಿದು ತಳ ಸೀಳಿದ್ದರೆ ಅದು ಬೇರೆ ವಿಷಯ. ಸೀಳು ಬೇರಿಂಗ್ ಗುಂಡಿಯಿಂದ ದೂರವಿದ್ದರೆ ಆರ್ಗಾನ್ ವೆಲ್ಡಿಂಗ್ ನಿಲ್ಲುತ್ತದೆ. ಹೀಗೆ ಕಲ್ಲು ಬಡಿದ ಗಾಡಿಯನ್ನು ಆಯಿಲ್ ಸುರಿಸುತ್ತ ಮನೆವರೆಗೆ ಓಡಿಸಬೇಡಿ. ಕಲ್ಲು ಬಡಿದದ್ದಕ್ಕೆ ಇನ್ಶೂರೆನ್ಸ್ ಸಿಗಬಹುದು, ಆಮೇಲೆ ಒಣಗಿ ಓಡಿ ಗೇರ್ ತಿಂದದ್ದಕ್ಕೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಎಂಜಿನ್-ಗೇರ್‌ಬಾಕ್ಸ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದವರು ಮೊದಲು ಫೋಟೋ ತೆಗೆದು ಕಂಪನಿಗೆ ತಿಳಿಸಿ, ಆಮೇಲೆ ಬಿಚ್ಚಿಸಲಿ.

ಹಳೆಯ ಡಬ್ಬಾ ಕೊಳ್ಳುವುದೇ ಎಂದಾದರೆ ನೀವೇ ಹೋಗಿ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿಯಿಂದ ಸೊಲ್ಲಾಪುರ 110ರ ಆಸುಪಾಸು; ಒಂದು ದಿನ ಹೋದರೂ ಲಾಭವೇ. ಮಾಡೆಲ್ ಹೆಸರು ಒಂದೇ ಇದ್ದರೆ ಸಾಲದು. ಪೆಟ್ರೋಲ್, ಡೀಸೆಲ್, ವರ್ಷ ಬದಲಾದಂತೆ ಹಲ್ಲಿನ ಲೆಕ್ಕ, ಇನ್‌ಪುಟ್ ಶಾಫ್ಟಿನ ಮೇಲಿನ ಉದ್ದ ಹಲ್ಲುಗಳು (ಸ್ಪ್ಲೈನ್), ಮೌಂಟ್ ಕೂರುವ ಜಾಗ, ಸ್ಪೀಡ್ ಸೆನ್ಸರ್ ಎಲ್ಲ ಬದಲಾಗಬಹುದು. ನಿಮ್ಮ ಡಬ್ಬಾದ ಮೇಲಿನ ಅಂಕಿಯ ಫೋಟೋ ಒಯ್ದು ಹೊಂದಿಸಿ. ಇನ್‌ಪುಟ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಒಂದೊಂದೇ ಗೇರ್ ಹಾಕಿ ಕೈಯಿಂದ ತಿರುವಿ, ಎಲ್ಲೂ ತಡೆಯಬಾರದು. ಡ್ರೈನ್ ಪ್ಲಗ್ ಬಿಚ್ಚಿಸಿ ಮ್ಯಾಗ್ನೆಟ್ ನೋಡಿ. ಜೋಡಣೆಯ ಅಂಚಿನಲ್ಲಿ ಹೊಸ ಗ್ಯಾಸ್ಕೆಟ್ ಅಂಟು ಉಕ್ಕಿದ್ದರೆ ಯಾರೋ ಒಮ್ಮೆ ಬಿಚ್ಚಿದ್ದಾರೆ. ಬಿಲ್ಲಿಲ್ಲದ ಮಾಲು ಬೇಡ. ಆರ್‌ಸಿಯಲ್ಲಿ ಎಂಜಿನ್ ಮತ್ತು ಚಾಸಿ ನಂಬರ್ ಇರುತ್ತವೆ, ಗೇರ್‌ಬಾಕ್ಸ್ ನಂಬರ್ ಇರುವುದಿಲ್ಲ. ಮಾಲು ಕದ್ದದ್ದಲ್ಲ ಎನ್ನಲು ನಿಮ್ಮ ಕೈಯಲ್ಲಿ ಉಳಿಯುವುದು ಆ ಬಿಲ್ ಒಂದೇ. ಓಡಿಸಿ ನೋಡಲು ಕನಿಷ್ಠ 15 ದಿನದ ಗಡುವನ್ನು ಅದರ ಮೇಲೆಯೇ ಬರೆಸಿ, ಡಬ್ಬಾಕ್ಕೆ ಪೇಂಟಿನ ಗುರುತು ಹಾಕಿ. ಗಾಡಿ ಸರಿಯಾಗಿ ಓಡುವ ತನಕ ನಿಮ್ಮ ಹಳೆಯದನ್ನು ಮಾರಬೇಡಿ.

ಆಟೋಮ್ಯಾಟಿಕ್ ಗಾಡಿಯವರು ಮೊದಲು ತಿಳಿಯಬೇಕಾದದ್ದು ತಮ್ಮದು ಯಾವ ಜಾತಿ ಎಂದು. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂದ ಎಎಂಟಿ (ಆಟೋಮೇಟೆಡ್ ಮ್ಯಾನ್ಯುಯಲ್) ಒಳಗೆ ಮಾಮೂಲು ಮ್ಯಾನ್ಯುಯಲ್ ಡಬ್ಬಾವೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸ ಮಾತ್ರ ಆಕ್ಟುಯೇಟರ್ ಎಂಬ ಯಂತ್ರದ್ದು. ಗೇರ್ ಬೀಳದಿದ್ದರೆ ಬ್ಯಾಟರಿ, ಆಕ್ಟುಯೇಟರ್, ಅದರ ಆಯಿಲ್, ಕ್ಲಚ್ ಸವೆತ ನೋಡಿಸಿ, ಸ್ಕ್ಯಾನರ್‌ನಿಂದ ರೀಲರ್ನಿಂಗ್ (ಕಂಪ್ಯೂಟರಿಗೆ ಕ್ಲಚ್, ಗೇರಿನ ನೆಲೆ ಮತ್ತೆ ಕಲಿಸುವುದು) ಮಾಡಿಸಿ. ಡಬ್ಬಾ ಬದಲಿಸುವ ಪ್ರಶ್ನೆ ಕೊನೆಯದು. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲಿನ ಮೂಲಕ ಬಲ ದಾಟಿಸುವ ಭಾಗ) ಇರುವುದರಲ್ಲಿ ಸ್ಕ್ಯಾನರ್ ಪಿ0700 ಎಂಬ ದೋಷದ ಕೋಡ್ ತೋರಿಸಿದರೆ "ಗೇರ್‌ಬಾಕ್ಸಿನ ಕಂಪ್ಯೂಟರ್ ದೂರು ಕೊಟ್ಟಿದೆ" ಎಂದಷ್ಟೇ ಅರ್ಥ, ನಿಜವಾದ ಕೋಡ್ ಒಳಗೆ ಬೇರೆ ಇರುತ್ತದೆ. ಆಯಿಲ್ ಕೆಂಪು ಹೋಗಿ ಕಪ್ಪಾಗಿ ಸುಟ್ಟ ವಾಸನೆ ಬಂದು, ಗಾಡಿ ಜಾರುತ್ತಿದ್ದರೆ ಕ್ಲಚ್ ಪ್ಲೇಟುಗಳು ಸುಟ್ಟಿವೆ. ಆಯಿಲ್ ಚೆನ್ನಾಗಿದ್ದು ಗೇರ್ ಬದಲಾಗುವಾಗ ಮಾತ್ರ ಹೊಡೆತ ಬಂದರೆ ಸೊಲೆನಾಯ್ಡ್ ಅಥವಾ ವಾಲ್ವ್ ಬಾಡಿ (ಆಯಿಲಿನ ದಾರಿ ತೆರೆದು ಮುಚ್ಚುವ ಭಾಗಗಳು) ರಿಪೇರಿಯಲ್ಲಿ ಮುಗಿಯಬಹುದು. ಗೇರಿನ ಬದಲು ಬೆಲ್ಟ್-ಪುಲ್ಲಿಯಿಂದ ನಡೆಯುವ ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಪುಲ್ಲಿಯನ್ನು ಗೀರಿದ್ದರೆ ರಿಪೇರಿಗೆ ಹಣ ಸುರಿಯದೆ ಪೂರ್ತಿ ಯೂನಿಟ್ ಹಾಕಿಸುವುದೇ ಮೇಲು. ಡಬ್ಬಾ ಒಳಗೆ ಲೋಹ ಉದುರಿದ್ದರೆ ಆಯಿಲ್ ಕೂಲರ್ ಮತ್ತು ಟಾರ್ಕ್ ಕನ್ವರ್ಟರ್ ಎರಡನ್ನೂ ತೊಳೆಸಬೇಕು ಅಥವಾ ಬದಲಿಸಬೇಕು. ಹಾಗೇ ಬಿಟ್ಟರೆ ಹಳೆಯ ಡಬ್ಬಾದ ಪುಡಿ ಹೊಸದನ್ನೂ ತಿನ್ನುತ್ತದೆ. ಕೆಟ್ಟು ನಿಂತ ಆಟೋಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಓಡದೆ ಆಯಿಲ್ ಪಂಪ್ ತಿರುಗದು, ಒಳಗೆಲ್ಲ ಒಣಗಿ ಸವೆಯುತ್ತದೆ. ಗಾಡಿಯನ್ನು ಮೇಲೆ ಹೊತ್ತೊಯ್ಯುವ ಲಾರಿಯೇ ಬೇಕು.

ಡಬ್ಬಾ ಕೆಳಗಿರುವಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಎಂಜಿನ್ನಿನ ಹಿಂದಿನ ಸೀಲ್ ನೋಡಿಸಿ. ಅರ್ಧ ಸವೆದಿದ್ದರೂ ಹಾಕಿಸಿಬಿಡಿ. ಮತ್ತೆ ಇಳಿಸುವ ಕೂಲಿ ಪ್ಲೇಟಿನ ಬೆಲೆಗೆ ಹತ್ತಿರ ಬರುತ್ತದೆ. ಸರ್‌ಕ್ಲಿಪ್, ಸೀಲ್, ಡ್ರೈನ್ ಪ್ಲಗ್ಗಿನ ವಾಷರ್ ಹಳೆಯವು ಬೇಡ. ಆಯಿಲ್ ವಿಷಯದಲ್ಲಿ ಅಂಗಡಿಯವನ ಮಾತು ಬಿಟ್ಟು ಗಾಡಿಯ ಪುಸ್ತಕ ನೋಡಿ. ಅದರಲ್ಲಿ 75ಡಬ್ಲ್ಯು-80 (ಆಯಿಲಿನ ಮಂದತನ) ಜಿಎಲ್-4 (ದರ್ಜೆ) ಎಂದಿದ್ದರೆ ಡಿಫರೆನ್ಶಿಯಲ್‌ಗೆ ಹಾಕುವ 90 ನಂಬರ್ ಜಿಎಲ್-5 ಸುರಿಯಬಾರದು. ಅದರ ಗಂಧಕದ ಅಂಶ ಹಿತ್ತಾಳೆ ರಿಂಗನ್ನು ತಿನ್ನಬಹುದು, ಅದರ ಜಾರುವ ಗುಣಕ್ಕೆ ಸಿಂಕ್ರೋ ಹಿಡಿಯುವುದೂ ಇಲ್ಲ. ಫಿಲ್ಲರ್ ತೂತಿನಿಂದ ಹೊರಚೆಲ್ಲುವ ತನಕ ತುಂಬಿ, ಹನಿ ನಿಂತ ಮೇಲೆ ಪ್ಲಗ್ ಬಿಗಿಯಿರಿ. ಮೊದಲ 500 ಕಿ.ಮೀ. ಭಾರ ಹೇರದೆ ಓಡಿಸಿ, 1,000ಕ್ಕೆ ಆಯಿಲ್ ಇಳಿಸಿ ಮತ್ತೆ ಅದೇ ಬಿಳಿ ತಟ್ಟೆಯಲ್ಲಿ ಹಿಡಿದು ನೋಡಿ. ಈ ಸಲ ಹಳದಿ ಮಿಂಚು ಕಂಡರೆ ಅದೇ ದಿನ ಗಾಡಿ ಮಿಸ್ತ್ರಿಯ ಬಳಿಗೆ ಒಯ್ಯಿರಿ, ಕೊಂಡ ಡಬ್ಬಾ ಆಗಿದ್ದರೆ ಬಿಲ್ಲಿನ ಮೇಲಿನ ಗಡುವಿನೊಳಗೆ.