ಕಿರುಗುಟ್ಟದ ಮಂಚ: ಮನೆಯಲ್ಲೇ ಮಾಡಿಕೊಂಡ ಬಗೆ

ಮಂಚ ಕಿರುಗುಟ್ಟುವುದು ಮರ ಸಾಲದೆ ಅಲ್ಲ, ಮೂಲೆಯ ಜೋಡಣೆ ಸಡಿಲವಾಗಿ. ಅಂಚಿನಲ್ಲಿ ಕೂತಾಗ, ಮಗ್ಗುಲು ಬದಲಿಸಿದಾಗ ಪಕ್ಕದ ಹಲಗೆ ಮಂಚದ ಕಾಲಿನ ಮೇಲೆ ಕೂದಲೆಳೆಯಷ್ಟು ಜರುಗಿದರೂ ಸಾಕು, ಮರಕ್ಕೆ ಮರ ಉಜ್ಜಿ ಸದ್ದು ಬರುತ್ತದೆ. ಹಾಗಾಗಿ ಮಂಚ ಮಾಡಲು ಕೂತಾಗ ನನ್ನ ಶ್ರಮದ ಬಹುಪಾಲನ್ನು ನಾಲ್ಕು ಮೂಲೆಗಳಿಗೇ ಇಟ್ಟೆ.

ಅಳತೆ ಶುರುವಾಗುವುದು ಹಾಸಿಗೆಯಿಂದ. ನನ್ನದು 78 ಇಂಚು ಉದ್ದ, 60 ಇಂಚು ಅಗಲ. ಚೌಕಟ್ಟಿನ ಒಳ ಅಳತೆಯನ್ನು ಪ್ರತಿ ಬದಿಗೂ ಅರ್ಧ ಇಂಚು ಹೆಚ್ಚು ಹಿಡಿದೆ. ಹೊದಿಕೆ ಸಿಕ್ಕಿಸಲು ಬೆರಳು ತೂರುವಷ್ಟು ಜಾಗ ಬೇಕಲ್ಲ. ಎತ್ತರದ ಲೆಕ್ಕಕ್ಕೆ ಮಂಡಿಯೇ ಅಳತೆಗೋಲು: ಹಾಸಿಗೆಯ ಮೇಲ್ಭಾಗ 18ರಿಂದ 20 ಇಂಚಿನೊಳಗಿದ್ದರೆ ಏಳುವಾಗ ಕಷ್ಟವಾಗುವುದಿಲ್ಲ.

ಮರ ಪೈನ್. ಕೆಲಸಕ್ಕೆ ಹಗುರ, ಉಳಿಗೆ ಬಗ್ಗುತ್ತದೆ. ಪ್ರತಿ ಹಲಗೆಯ ಅಂಚನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ, ಬಾಗಿದ್ದನ್ನೂ ತಿರುಚಿಕೊಂಡಿದ್ದನ್ನೂ ಬಿಟ್ಟೆ. ಪಕ್ಕದ ಹಲಗೆಗಳಲ್ಲಿ ಗಂಟಿರುವುದನ್ನಂತೂ ಬೇಡವೇ ಬೇಡ ಎಂದೆ. ಕಾಲುಗಳಿಗೆ 3 ಇಂಚಿನ ಚೌಕ ಮರ, ಸುತ್ತಲಿನ ಹಲಗೆಗಳಿಗೆ 6 ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ತಂದ ಮರವನ್ನು ಮಂಚ ಇಡುವ ಕೋಣೆಯಲ್ಲೇ ಕೆಲವು ವಾರ ಒಣಗಲು ಬಿಟ್ಟೆ. ಹಸಿ ಮರದಲ್ಲಿ ಎಷ್ಟು ಬಿಗಿಯಾಗಿ ಕೂಡಿಸಿದರೂ ಒಣಗುತ್ತಾ ಸಡಿಲವಾಗುತ್ತದೆ.

ತಲೆಕಡೆ, ಕಾಲುಕಡೆ ಎರಡನ್ನೂ ಬೇರೆ ಬೇರೆ ಮಾಡಿಕೊಂಡು ಅಂಟು ಹಾಕಿ ಶಾಶ್ವತವಾಗಿ ಕೂಡಿಸಿದೆ. ಉದ್ದದ ಹಲಗೆಗಳನ್ನು ಮಾತ್ರ ಬೋಲ್ಟಿನಿಂದ ಬಿಗಿದೆ. ಇಲ್ಲದಿದ್ದರೆ ಮಂಚ ಬಾಗಿಲಲ್ಲಿ ಹೊರಹೋಗುವುದಿಲ್ಲ. ಈ ಎರಡು ಕಡೆಗಳ ಅಡ್ಡಹಲಗೆಯ ತುದಿಯಲ್ಲಿ ಒಂದು ಇಂಚು ಉದ್ದದ ನಾಲಿಗೆ, ಅಂದರೆ ಕಾಲಿನೊಳಗೆ ಹೊಗುವ ತೆಳು ಚಾಚು, ಬಿಟ್ಟು, ಕಾಲಿನಲ್ಲಿ ಅದಕ್ಕೆ ತಕ್ಕ ಕಚ್ಚು ತೋಡಿದೆ. ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಲಿಲ್ಲ, ಮೂಲೆಮಟ್ಟ ಹಿಡಿದು ಚೂಪು ಚಾಕುವಿನಲ್ಲಿ ಕೊರೆದೆ. ಚಾಕುವಿನ ಗೀರಿನಲ್ಲಿ ಉಳಿಯ ಬಾಯಿ ತಾನಾಗಿ ಕೂರುತ್ತದೆ, ಅಂಚು ಹರಿಯುವುದಿಲ್ಲ. ನಾಲಿಗೆಯನ್ನು ಗೆರೆಗಿಂತ ಒಂಚೂರು ದಪ್ಪವೇ ಕೊಯ್ದು, ಆಮೇಲೆ ಉಳಿಯಿಂದ ಎಳೆಎಳೆಯಾಗಿ ಸವರುತ್ತಾ ಬಂದೆ. ಕೈಯಿಂದ ಒತ್ತಿದರೆ ಅರ್ಧ ಇಳಿಯಬೇಕು, ಉಳಿದರ್ಧಕ್ಕೆ ಕೊಡತಿಯ ಮೆಲ್ಲನೆಯ ಪೆಟ್ಟು ಬೇಕು. ಅಷ್ಟು ಬಿಗಿ ಇದ್ದರೆ ಸರಿ. ಸುತ್ತಿಗೆಯಲ್ಲಿ ಬಡಿಯಬೇಕಾಗಿ ಬಂದರೆ ಕಾಲು ಸೀಳುತ್ತದೆ.

ಉದ್ದದ ಹಲಗೆಗೂ ಅರ್ಧ ಇಂಚಿನ ಮೋಟು ನಾಲಿಗೆ ಬಿಟ್ಟೆ. ಇದನ್ನು ಬಿಡಲೇಬೇಡಿ ಎನ್ನುತ್ತೇನೆ. ಮಲಗಿದವರ ಭಾರವನ್ನು ಹೊರುವುದು ಈ ನಾಲಿಗೆ. ಬೋಲ್ಟಿನ ಕೆಲಸ ಹಲಗೆಯನ್ನು ಕಾಲಿಗೆ ಎಳೆದು ಹಿಡಿಯುವುದಷ್ಟೇ. 8 ಮಿಲಿಮೀಟರ್ ದಪ್ಪದ ಬೋಲ್ಟು ಕಾಲಿನ ನಟ್ಟನಡುವೆ ಹಾದು ಹಲಗೆಯ ತುದಿಯೊಳಕ್ಕೆ ಹೋಗುತ್ತದೆ. ಅಲ್ಲಿ ಒಳಬದಿಯಿಂದ ಕೊರೆದ ತೂತಿನಲ್ಲಿ ಉರುಳೆಯಾಕಾರದ ನಟ್ಟು ಕೂತಿರುತ್ತದೆ. ಹಲಗೆ ಕಾಲಿಗೆ ತಾಗುವ ಅಂಚಿನಿಂದ ಈ ತೂತಿಗೆ ಎರಡೂವರೆ ಇಂಚು ಬಿಟ್ಟೆ. ತೀರಾ ತುದಿಗೆ ಕೊರೆದರೆ ಬಿಗಿಯುವಾಗ ಮರ ಕಿತ್ತುಬರುತ್ತದೆ. ಹಲಗೆಯ ತುದಿಗೆ ನೇರವಾಗಿ ಸ್ಕ್ರೂ ಹಾಕುವವರಿದ್ದಾರೆ. ಮರದ ಎಳೆಯ ಉದ್ದಕ್ಕೆ ಹೊಕ್ಕ ಸ್ಕ್ರೂಗೆ ಹಿಡಿತ ಕಡಿಮೆ, ಮಂಚಕ್ಕೆ ಅದು ಸಾಲದು.

ಕೂಡಿಸಿದ ಮೇಲೆ ಕರ್ಣಗಳನ್ನು ಅಳೆದೆ. ಎರಡೂ ಸಮ ಬಂದರೆ ಚೌಕಟ್ಟು ಸೊಟ್ಟಗಿಲ್ಲ ಎಂದರ್ಥ.

ಹಾಸಿಗೆ ಹೊರುವ ಅಡ್ಡಪಟ್ಟಿಗಳು ಕೂರಲು ಉದ್ದದ ಹಲಗೆಗಳ ಒಳಬದಿಗೆ ಒಂದೂವರೆ ಇಂಚಿನ ರೀಪುಗಳನ್ನು ಅಂಟು ಮತ್ತು ಸ್ಕ್ರೂ ಎರಡೂ ಹಾಕಿ ಕೂರಿಸಿದೆ. ಎಳೆ ಉದ್ದಕ್ಕೆ ಸಾಗುವ ಮೈಗೆ ಅಂಥದೇ ಮೈ ಸೇರಿಸಿ ಒತ್ತಿಟ್ಟ ಅಂಟು ಮರದಷ್ಟೇ ಗಟ್ಟಿ. ಸ್ಕ್ರೂ ಅಂಟು ಹಿಡಿಯುವ ತನಕದ ಕ್ಲ್ಯಾಂಪ್ ಇದ್ದಂತೆ. ಪಟ್ಟಿಗಳು 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, ನಡುವಿನ ಸಂದು ಎರಡೂವರೆ ಇಂಚು. ಸಂದು ಹೆಚ್ಚಾದರೆ ಫೋಮ್ ಹಾಸಿಗೆ ಕೆಳಗೆ ಜೋತುಬೀಳುತ್ತದೆ, ಪೂರ್ತಿ ಮುಚ್ಚಿದರೆ ಗಾಳಿಯಾಡದೆ ಬೂಸ್ಟು ಹಿಡಿಯುತ್ತದೆ. ಐದಡಿ ಅಗಲಕ್ಕೆ ಈ ಪಟ್ಟಿಗಳು ಬಳುಕುತ್ತವೆ, ಆದ್ದರಿಂದ ನಡುವೆ ಉದ್ದಕ್ಕೊಂದು ತೊಲೆ ಕೊಟ್ಟು ಅದಕ್ಕೂ ನೆಲ ಮುಟ್ಟುವ ಕಾಲು ಇಟ್ಟೆ. ಪಟ್ಟಿ ಕೂರುವ ಕಡೆಗೆಲ್ಲ ತೆಳು ಉಣ್ಣೆಬಟ್ಟೆಯ ಪಟ್ಟೆ ಅಂಟಿಸಿದೆ. ಸದ್ದಿನ ಇನ್ನೊಂದು ದಾರಿ ಅಲ್ಲಿಗೆ ಮುಚ್ಚಿತು.

ಉಪ್ಪುಕಾಗದವನ್ನು 80, 120, 180 ನಂಬರಿನ ಕ್ರಮದಲ್ಲಿ, ಒರಟಿನಿಂದ ನಯಕ್ಕೆ, ಎಳೆಯ ದಿಕ್ಕಿನಲ್ಲೇ ತಿಕ್ಕಿ, ಎಣ್ಣೆ ಪಾಲಿಶ್ ಕೊಟ್ಟೆ. ಓಡಾಡುವವರ ಕಾಲಿಗೆ ತಾಗುವ ಹೊರಮೂಲೆಗಳನ್ನು ಇನ್ನಷ್ಟು ದುಂಡಗೆ ಸವರಿದೆ, ಕತ್ತಲಲ್ಲಿ ಮೊಣಕಾಲು ಬಡಿಯುವುದು ಅಲ್ಲೇ.

ಬೋಲ್ಟುಗಳನ್ನು ಆಗಾಗ ನೋಡಿಕೊಳ್ಳಬೇಕು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು, ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. ಹವೆ ಒಣಗಿದಾಗ ಕಾಲು ಒಂದಿಷ್ಟು ತೆಳುವಾಗಿ ಬೋಲ್ಟು ಸಡಿಲ ಬೀಳುತ್ತದೆ. ಬೋಲ್ಟಿನ ತಲೆಯ ಕೆಳಗೆ ಅಗಲ ವಾಷರ್ ಇರಲಿ, ಸ್ಪ್ಯಾನರಿನಲ್ಲಿ ಕಾಲುಭಾಗ ಸುತ್ತು ತಿರುಗಿಸಿದರೆ ಮತ್ತೆ ಬಿಗಿಯಾಗುತ್ತದೆ.