63ರಿಂದ ಶುರುವಾದ ಡಿಸ್ಕ್

ಆಲ್ದೂರು ಕಡೆಯ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರ್ ಕೊಯ್ಲಿನ ಹೊತ್ತಿನಲ್ಲೇ ಕಂಪ್ಯೂಟರ್ ಹೊತ್ತುಕೊಂಡು ಚಿಕ್ಕಮಗಳೂರಿನ ನನ್ನ ಅಂಗಡಿಗೆ ಬಂದರು. "ಹೊಸ ಡಿಸ್ಕ್ ಹಾಕಿದ ಮೇಲೇ ಹಿಂಗಾಗಿದ್ದು ಸರ್. ಬಟವಾಡೆ ಲೆಕ್ಕ ತೆಗೆದ್ರೆ ಬೇಗ ಬರುತ್ತೆ, ಸೇವ್ ಮಾಡಿದ್ರೆ ಕೂತ್ಬಿಡುತ್ತೆ." ಹಳೆಯ 160 ಜಿಬಿ ಡಿಸ್ಕನ್ನು 500 ಜಿಬಿಗೆ ಕ್ಲೋನ್ ಮಾಡಿ, ಅಂದರೆ ಇದ್ದದ್ದನ್ನೆಲ್ಲ ಹಾಗೆಯೇ ನಕಲಿಸಿ, ಕೊಟ್ಟವನು ನಾನೇ.

ಕೇಬಲ್ ಬದಲಿಸಿದೆ, ಆಂಟಿವೈರಸ್ ತೆಗೆದೆ. ಡಿಸ್ಕ್ ಆರೋಗ್ಯವಾಗಿಯೇ ಇತ್ತು. ಎರಡು ದಿನ ಹೋಯಿತು. ಓದುವುದು ಬೇಗ, ಬರೆಯುವುದು ಮಾತ್ರ ನಿಧಾನ ಎಂಬ ಅವರ ಮಾತನ್ನು ಮೊದಲೇ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ಸಿಸ್ಟಂ ಇನ್ಫರ್ಮೇಷನ್ ತೆರೆದು ಪಾರ್ಟಿಷನ್ (ಡಿಸ್ಕಿನಲ್ಲಿ ವಿಂಡೋಸ್ ಕೂತಿರುವ ಭಾಗ) ಎಲ್ಲಿಂದ ಶುರುವಾಗಿದೆ ಎಂದು ನೋಡಿದೆ: 32,256 ಬೈಟ್. 512 ಬೈಟಿನ ತುಂಡುಗಳಲ್ಲಿ, ಅಂದರೆ ಸೆಕ್ಟರುಗಳಲ್ಲಿ ಎಣಿಸಿದರೆ 63ನೇ ಸೆಕ್ಟರ್.

ಅದು ವಿಂಡೋಸ್ ಎಕ್ಸ್‌ಪಿ ಕಾಲದ ಅಳತೆ. ಆಗ ಡಿಸ್ಕಿನ ಒಂದು ಸುತ್ತಿಗೆ, ಅಂದರೆ ಒಂದು ಟ್ರ್ಯಾಕಿಗೆ 63 ಸೆಕ್ಟರ್ ಎಂಬ ಲೆಕ್ಕವಿತ್ತು, ಮೊದಲ ಟ್ರ್ಯಾಕ್ ಬಿಟ್ಟು ಪಾರ್ಟಿಷನ್ ಶುರುವಾಗುತ್ತಿತ್ತು. ವಿಸ್ಟಾದಿಂದ ಈಚೆಗೆ 2048ನೇ ಸೆಕ್ಟರಿನಿಂದ ಶುರು. ಆದರೆ ಈ ಯಂತ್ರದಲ್ಲಿ ಎಕ್ಸ್‌ಪಿ ಮಾಡಿಟ್ಟ ಪಾರ್ಟಿಷನ್ ಒಳಗೇ ವಿಂಡೋಸ್ 7 ಹಾಕಿದ್ದರು. ನಾನು ಅದನ್ನು ಹಾಗೆಯೇ ಎತ್ತಿ ಹೊಸ ಡಿಸ್ಕಿಗೆ ಇಳಿಸಿದ್ದೆ.

ಹೊಸ ಡಿಸ್ಕಿನ ನಿಜವಾದ ಸೆಕ್ಟರ್, ಅಂದರೆ ಒಂದು ಖಾನೆ, 4096 ಬೈಟಿನದು. ಹಳೆಯ 512 ಬೈಟಿನ ಸೆಕ್ಟರುಗಳು ಅದರಲ್ಲಿ ಎಂಟು ಕೂರುತ್ತವೆ. 63ರಿಂದ ಶುರು ಮಾಡಿದರೆ ವಿಂಡೋಸಿನ ಪ್ರತಿ 4 ಕೆಬಿ ಕ್ಲಸ್ಟರಿನ (ಅದು ಜಾಗ ಹಂಚುವ ಕಟ್ಟಿನ) ಎಂಟು ಚೂರುಗಳಲ್ಲಿ ಒಂದು ಒಂದು ಖಾನೆಯ ಕೊನೆಗೆ, ಉಳಿದ ಏಳು ಪಕ್ಕದ ಖಾನೆಗೆ ಬೀಳುತ್ತವೆ. ಒಂದು ಕ್ಲಸ್ಟರ್ ಬರೆಯಲು ಡಿಸ್ಕ್ ಎರಡು ಖಾನೆಗಳನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕು. ಓದಿದ ಜಾಗ ಮತ್ತೆ ಓದಿ ಬರೆಯುವ ಹೆಡ್ಡಿನ ಕೆಳಗೆ ಬರಲು ಇನ್ನೊಂದು ಸುತ್ತು ಕಾಯಬೇಕು. 7200 ಆರ್‌ಪಿಎಂ ಡಿಸ್ಕಿನಲ್ಲಿ ಅದು 8 ಮಿಲಿಸೆಕೆಂಡಿಗೂ ಹೆಚ್ಚು. ಸಣ್ಣಸಣ್ಣದಾಗಿ ನೂರಾರು ಸಲ ಬರೆಯುವ ಲೆಕ್ಕದ ಸಾಫ್ಟ್‌ವೇರಿಗೆ ಇದು ದೊಡ್ಡ ಹೊರೆ.

ಪಾರ್ಟಿಷನ್ನನ್ನು 2048ನೇ ಸೆಕ್ಟರಿಗೆ ಸರಿಸಬೇಕಿತ್ತು. ಮೊದಲು ಬ್ಯಾಕಪ್ ತೆಗೆದೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ನಡುವೆ ಕರೆಂಟ್ ಹೋದರೆ ಪಾರ್ಟಿಷನ್ನೇ ಹೋಗುತ್ತದೆ. ಪಾರ್ಟಿಷನ್ ತಿದ್ದುವ ಜಿಪಾರ್ಟೆಡ್ ಸಾಫ್ಟ್‌ವೇರಿನ ಸಿ.ಡಿ.ಯಿಂದ ಬೂಟ್ ಮಾಡಿ, ಪಾರ್ಟಿಷನ್ನಿನ ಮುಂದೆ 1 ಎಂಬಿ ಬಿಟ್ಟು, ಅಲೈನ್ (ಸರಿಹೊಂದಿಸುವ) ಜಾಗದಲ್ಲಿ ಎಂಐಬಿ, ಅಂದರೆ 1 ಎಂಬಿಯ ಗೆರೆ, ಆರಿಸಿದೆ. ಕ್ಲೋನ್ ಆದ ಮೇಲೆ ಕೊನೆಯಲ್ಲಿ ಜಾಗ ಖಾಲಿ ಇದ್ದದ್ದು ಒಳ್ಳೆಯದಾಯಿತು. ಸರಿಸುವುದು ಅಷ್ಟೇ ಆದರೂ ಒಳಗಿನದೆಲ್ಲ ಹೊಸದಾಗಿ ಬರೆಯಬೇಕಲ್ಲ, ಬೆಳಗಿನ ಜಾವದವರೆಗೆ ನಡೆಯಿತು.

ಆಮೇಲೆ ವಿಂಡೋಸ್ ಏಳಲಿಲ್ಲ. ಪಾರ್ಟಿಷನ್ನಿನ ಹಳೆಯ ಜಾಗವೇ ಬೂಟ್ ದಾಖಲೆಯಲ್ಲಿ ಉಳಿದಿತ್ತು. ವಿಂಡೋಸ್ ಡಿಸ್ಕ್ ಹಾಕಿ ಸ್ಟಾರ್ಟಪ್ ರಿಪೇರಿ ಕೊಟ್ಟೆ, ಎರಡನೇ ಸಲಕ್ಕೆ ಎದ್ದಿತು. ಆಫ್‌ಸೆಟ್, ಅಂದರೆ ಪಾರ್ಟಿಷನ್ ಶುರುವಾಗುವ ಜಾಗ, ನೋಡಿದೆ: 10,48,576 ಬೈಟ್. 4096ರಿಂದ ಭಾಗಿಸಿದರೆ ಸರಿಯಾಗಿ 256.