ಬಿಸಿಲೂರಿನ ಹಿತ್ತಲಲ್ಲಿ ಗಜ್ಜರಿ, ಪಾಲಕ್: ಬೀಜ ಹಾಕುವುದು ಯಾವಾಗ, ಹೇಗೆ?

ಅಕ್ಕನ ಮಗಳು ಕೆನಡಾದ ಎಡ್ಮಂಟನ್‌ನಲ್ಲಿದ್ದಾಳೆ. ಅಲ್ಲಿ ಹಿಮ ಬೀಳುವ ಮುಂಚೆ, ನೆಲ ಇನ್ನೇನು ಹೆಪ್ಪುಗಟ್ಟುತ್ತದೆ ಅನ್ನುವಾಗ ಗಜ್ಜರಿ (ಕ್ಯಾರೆಟ್), ಸ್ಪಿನಾಚ್ ಬೀಜ ಹಾಕುತ್ತಾಳೆ. ಬೀಜ ಚಳಿಗಾಲವಿಡೀ ಹಿಮದ ಕೆಳಗೆ ಮಲಗಿದ್ದು, ಹಿಮ ಕರಗಿದ ಮೇಲೆ ತಾನಾಗಿ ಏಳುತ್ತದೆ. ಸ್ವಲ್ಪ ಬೇಗ ಹಾಕಿದರೂ ಮೊಳೆತು ಚಳಿಗೆ ಸತ್ತುಹೋಗುತ್ತದೆ. ನಮ್ಮ ರಾಯಚೂರಿನಲ್ಲೂ ಅವಸರ ಮಾಡಿದರೆ ಕೆಡುವುದೇ. ಆದರೆ ಇಲ್ಲಿ ಕೊಲ್ಲುವುದು ಬಿಸಿಲು.

ಒಂದು ವರ್ಷ ಗಣೇಶನ ಹಬ್ಬ ಮುಗಿದ ಕೂಡಲೇ ಗಜ್ಜರಿ ಹಾಕಿದ್ದೆ. ಎರಡು ದಿನ ಜೋರು ಮಳೆ, ಆಮೇಲೆ ಸುಡುಬಿಸಿಲು, ನಮ್ಮ ಎರೆ (ಕಪ್ಪು) ಮಣ್ಣು ಮೇಲೆ ಹಪ್ಪಳದ ಹಾಗೆ ಬಿಗಿದುಕೊಂಡು ಒಂದು ಮೊಳಕೆಯೂ ಹೊರಗೆ ಬರಲಿಲ್ಲ. ಈಗ ಸೀಗಿ ಹುಣ್ಣಿಮೆ ದಾಟಿ, ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟು ತಂಪು ಬರುವ ತನಕ ಕಾಯುತ್ತೇನೆ. ಅಂದಾಜು ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಗಜ್ಜರಿ ಗಡ್ಡೆ ಚೆನ್ನಾಗಿ ಕಟ್ಟುವುದು 15ರಿಂದ 20 ಡಿಗ್ರಿ ತಂಪಿನಲ್ಲಿ. ನಮ್ಮಲ್ಲಿ ಹಗಲು ಅಷ್ಟು ಇಳಿಯುವುದಿಲ್ಲ, ಡಿಸೆಂಬರ್ ರಾತ್ರಿಗಳು ಅದರ ಹತ್ತಿರ ಬರುತ್ತವೆ. ಆ ರಾತ್ರಿಗಳು ಗಡ್ಡೆಗೆ ಸಿಗಬೇಕು, ಅಷ್ಟೇ ಲೆಕ್ಕ.

ಮೊದಲು ಮಡಿ. ಮೂರು ಅಡಿ ಅಗಲ, ಅರ್ಧ ಅಡಿ ಎತ್ತರ ಇರಲಿ, ನೀರು ನಿಲ್ಲುವುದಿಲ್ಲ. ಬರೀ ಎರೆ ಮಣ್ಣಾದರೆ ಮಸಾರಿ (ಕೆಂಪು) ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಧಾರಾಳವಾಗಿ ಬೆರೆಸಿ. ಹಸಿ ಸಗಣಿ ಮಾತ್ರ ಬೇಡ, ಗಜ್ಜರಿ ಗಡ್ಡೆ ಕವಲೊಡೆಯುತ್ತದೆ. ಕಾಲುವೆ ನೀರಿನ ಕಡೆ, ಸಿಂಧನೂರು, ಗಂಗಾವತಿ ಭಾಗದಲ್ಲಿ ನೆಲದ ಮೇಲೆ ಬಿಳಿ ಉಪ್ಪು ಕಾಣಿಸುತ್ತದೆ ಅಲ್ವಾ, ಅಂಥ ಸವಳು ಮಣ್ಣಿನಲ್ಲಿ ಗಜ್ಜರಿ, ಉಳ್ಳಾಗಡ್ಡಿಗೆ ಸುಮ್ನೆ ಕಷ್ಟಪಡಬೇಡಿ. ಬೀಟ್‌ರೂಟ್, ಪಾಲಕ್ ಹಾಕಿ. ಅವೆರಡೂ ಒಂದೇ ಬಳಗದ ಗಿಡಗಳು, ಉಪ್ಪು ತಡೆದುಕೊಳ್ಳುತ್ತವೆ.

ಬೀಜ ಒಂದೊಂದಕ್ಕೂ ಬೇರೆ ಉಪಚಾರ. ಕೊತ್ತಂಬರಿ ಕಾಳನ್ನು ಇಡಿಯಾಗಿ ಚೆಲ್ಲಬೇಡಿ, ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ಚಪ್ಪಲಿಯ ಅಡಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ನೆರಳಲ್ಲಿ ಆರಿಸಿ ಹಾಕಿ. ಮೆಂತ್ಯೆಯನ್ನೂ ರಾತ್ರಿ ನೆನೆಸಿದರೆ ಮೂರ್ನಾಲ್ಕು ದಿನದಲ್ಲಿ ಏಳುತ್ತದೆ. ಪಾಲಕ್, ಬೀಟ್‌ರೂಟ್‌ನ ಒಂದು ಗಂಟು ಬೀಜದಿಂದ ಎರಡು ಮೂರು ಸಸಿ ಬರುತ್ತವೆ, ದೂರ ದೂರ ಹಾಕಿ. ಮೂಲಂಗಿಗೆ ಏನೂ ಬೇಡ.

ಗಜ್ಜರಿಗೆ ತಾಳ್ಮೆ ಜಾಸ್ತಿ ಬೇಕು. ಬೀಜ ಸಣ್ಣದು, ಒಣ ಮರಳಿನಲ್ಲಿ ಬೆರೆಸಿಕೊಂಡು ಸಾಲಿನಲ್ಲಿ ಉದುರಿಸಿ, ಮೇಲೆ ಬೆರಳ ಉಗುರಿನ ಉದ್ದದಷ್ಟು ದಪ್ಪ ಪುಡಿ ಮಣ್ಣು ಸಾಕು. ಮೊಳೆಯಲು ಹತ್ತರಿಂದ ಹದಿನೈದು ದಿನ. ಅಷ್ಟೂ ದಿನ ಮೇಲ್ಮಣ್ಣು ಒಂದು ಸಲವೂ ಒಣಗಬಾರದು. ಅದಕ್ಕೇ ಒದ್ದೆ ಗೋಣಿಚೀಲ ಹೊದಿಸಿಡುತ್ತೇನೆ, ಬೆಳಿಗ್ಗೆ ಸಂಜೆ ಅದರ ಮೇಲೇ ನೀರು ಚಿಮುಕಿಸುತ್ತೇನೆ. ಎಂಟನೇ ದಿನದಿಂದ ದಿನಾ ಎತ್ತಿ ನೋಡಿ, ಹಸಿರು ದಾರದಂಥ ಮೊಳಕೆ ಕಂಡ ಸಂಜೆಯೇ ಚೀಲ ತೆಗೆಯಿರಿ. ಒಂದು ದಿನ ತಡವಾದರೂ ಸಸಿ ಬಿಳಿಚಿಕೊಂಡು ಅಡ್ಡ ಬೀಳುತ್ತದೆ.

ಮೂರು ವಾರದ ನಂತರ ಒತ್ತಾಗಿ ಬಂದದ್ದನ್ನು ಕಿತ್ತು ತೆಗೆಯಿರಿ, ಎರಡು ಗಜ್ಜರಿ ನಡುವೆ ಎರಡು ಬೆರಳು ಜಾಗ ಇರಬೇಕು. ಕಿತ್ತ ಮೂಲಂಗಿ ಸಸಿ ಎಸೆಯಬೇಡಿ, ಎಳೆ ಸೊಪ್ಪು ರೊಟ್ಟಿ ಜೊತೆ ಹಸಿಯಾಗಿಯೇ ಚೆಂದ. ಕೊತ್ತಂಬರಿ, ಮೆಂತ್ಯೆಯನ್ನು ಹದಿನೈದು ದಿನಕ್ಕೊಮ್ಮೆ ಒಂದೊಂದು ಸಾಲು ಹಾಕುತ್ತಾ ಇರಿ. ಗಜ್ಜರಿಯನ್ನು ಮಾತ್ರ ಎಳ್ಳ ಅಮಾವಾಸ್ಯೆ (ಡಿಸೆಂಬರ್-ಜನವರಿ) ಆದ ಮೇಲೆ ಹಾಕಬೇಡಿ, ಅದು ಗಡ್ಡೆ ಕಟ್ಟುವ ಹೊತ್ತಿಗೆ ಶಿವರಾತ್ರಿ ಬಿಸಿಲು ಬಂದಿರುತ್ತದೆ.